ದಶಮಿಯ ದಿನ ಏಳದ ರಾಜ

ನಮ್ಮ ಭಾವ ಯಾರನ್ನು ಬೇಕಾದರೂ ನಂಬುತ್ತಾರೆ. ಹಳೆ ಕಾರು ಮಾರುವವನನ್ನು ನಂಬುತ್ತಾರೆ, ಹವಾಮಾನ ಹೇಳುವವನನ್ನು ನಂಬುತ್ತಾರೆ, ನಾನು ಮಾಡಿದ ಮೈಸೂರು ಪಾಕನ್ನೂ ನಂಬಿ ಕಚ್ಚುತ್ತಾರೆ. ಅವರು ನಂಬದಿರುವುದು ಒಂದನ್ನೇ: ಕಾಲ ಕೆಳಗಿನ ನೆಲವನ್ನು!

ತಪ್ಪು ಅವರದಲ್ಲ ಬಿಡಿ. ಬೆಂಗಳೂರಿನ ಲಾಲ್‌ಬಾಗಿನ ಬಂಡೆಯ ಮೇಲೆ ಕೂತು ಕಡಲೆಕಾಯಿ ತಿಂದು ಬೆಳೆದವರು. ಆ ಬಂಡೆ ಹುಟ್ಟಿದಾಗ ಭೂಮಿಯ ಮೇಲೆ ಮೀನೂ ಇರಲಿಲ್ಲ, ಹುಲ್ಲೂ ಇರಲಿಲ್ಲ. ಅಂಥ ಗಟ್ಟಿ ನೆಲ ಬಿಟ್ಟು ಬಂದು ಸ್ಯಾನ್ ಹೊಸೆಯಲ್ಲಿ ಮನೆ ಕೊಂಡರು. ಗೃಹಪ್ರವೇಶಕ್ಕೆ ಬಂದ ಯಾರೋ ಪುಣ್ಯಾತ್ಮರು ಪಾಯಸ ಕುಡಿಯುತ್ತಾ, ಈ ಕಡೆ ಭೂಕಂಪ ತರುವ ಸ್ಯಾನ್ ಆಂಡ್ರಿಯಾಸ್ ಬಿರುಕು, ಆ ಕಡೆ ಹೇವರ್ಡ್ ಬಿರುಕು, ನೀವು ಸರಿಯಾಗಿ ಮಧ್ಯದಲ್ಲಿದ್ದೀರಿ ಎಂದು ಹೇಳಿ ಹೋದರು. ಭಾವನ ನಿದ್ದೆ ಅವತ್ತು ಕೆಟ್ಟದ್ದು ಇನ್ನೂ ಸರಿಹೋಗಿಲ್ಲ.

ಈಗ ಆ ಮನೆಯಲ್ಲಿ ಬೀರು, ಟೀವಿ, ಫ್ರಿಜ್ಜು ಎಲ್ಲವೂ ಗೋಡೆಗೆ ಪಟ್ಟಿ ಬಿಗಿಸಿಕೊಂಡು ನಿಂತಿವೆ. ಉಪ್ಪಿನಕಾಯಿ ಬೇಕೆಂದರೆ ಮೊದಲು ಕಪಾಟಿನ ಚಿಲಕದ ವಿದ್ಯೆ ಕಲಿಯಬೇಕು. ನಾನು ಪಕ್ಕದೂರು ಗಿಲ್‌ರಾಯ್‌ನಿಂದ ಬಂದು ಒಂದು ದಿನ ಉಳಿದರೂ ದಿಂಬಿನ ಜೊತೆ ಒಂದು ಹೆಲ್ಮೆಟ್ಟು ಕೊಡುತ್ತಾರೆ. ಮೊದಮೊದಲು ನಗುತ್ತಿದ್ದೆ. ಈಗ ನನ್ನ ಮನೆಯಲ್ಲೂ ಟ್ರಕ್ಕು ಹೋದರೆ ಸಾಕು, ಮೇಲಿನ ದೀಪ ಅಲ್ಲಾಡುತ್ತಿದೆಯೇ ಎಂದು ಕತ್ತೆತ್ತಿ ನೋಡುತ್ತೇನೆ. ಭಯಕ್ಕೂ ನೆಗಡಿಯ ಗುಣವಿದೆ.

ಭಾವನ ಮಗಳು ಹೈಸ್ಕೂಲಿನಲ್ಲಿ ಭೂವಿಜ್ಞಾನ ಓದುತ್ತಾಳೆ. ಅವಳು ಒಂದು ಪ್ರಶ್ನೆ ಕೇಳಿದರೆ ಎಲ್ಲರ ಊಟವೂ ತಣ್ಣಗಾಗುತ್ತದೆ.

"ನೋಡು ಪುಟ್ಟಿ, ಭೂಮಿ ಮೇಲಿನ ಪದರ ಅಂದ್ರೆ ಕಾದ ಹಾಲಿನ ಮೇಲಿರೋ ಕೆನೆ. ತುಂಡು ತುಂಡಾಗಿ ನಿಧಾನಕ್ಕೆ ಜರುಗ್ತಾ ಇರುತ್ತೆ. ಇಲ್ಲಿ ಎರಡು ತುಂಡು, ರಶ್ ಬಸ್ಸಲ್ಲಿ ಇಬ್ರು ತಿಕ್ಕೊಂಡು ಹೋಗ್ತಾರಲ್ಲ, ಹಾಗೆ. ಮಧ್ಯ ಸಿಕ್ಕಾಕ್ಕೊಳ್ತವೆ. ಸಿಕ್ಕಾಕ್ಕೊಂಡಿದ್ದು ಒಂದಿನ ಬಿಟ್ಕೊಂಡಾಗ..."

ಇಷ್ಟು ಹೇಳಿ ಭಾವ ಸೂರು ನೋಡುತ್ತಾರೆ. ನಾವೂ ನೋಡುತ್ತೇವೆ. ಸಾರು ಆರುತ್ತದೆ.

"ಆಗ ಮೊದಲು ಬರೋದು ಪಿ ಅಲೆ. ನೆಂಟ್ರು 'ಬರ್ತಾ ಇದೀವಿ' ಅಂತ ಫೋನ್ ಮಾಡಿದ ಹಾಗೆ. ಹಿಂದೇನೇ ಬರೋದು ಎಸ್ ಅಲೆ. ಅದು ಲಗೇಜ್ ಸಮೇತ ನೆಂಟ್ರೇ. ಮನೆ ಅಲ್ಲಾಡ್ಸೋದು ಅದು."

ಮಗಳು ನನ್ನ ಕಡೆ ತಿರುಗಿ, "ಸೋ ಚಿಕ್ಕಮ್ಮ ಈಸ್ ಓನ್ಲಿ ಎಸ್ ವೇವ್?" ಎಂದಳು. ಫೋನು ಮಾಡದೆ ಬರುವುದು ನನ್ನ ಅಭ್ಯಾಸ, ಏನು ಮಾಡಲಿ?

ಚಂದ್ರನ ಮೇಲೂ ಭಾವನಿಗೆ ಗುಮಾನಿ. ಅಮಾವಾಸ್ಯೆ, ಹುಣ್ಣಿಮೆಗಳಲ್ಲಿ ಸೂರ್ಯ ಚಂದ್ರರು ಒಂದೇ ಸಾಲಿನಲ್ಲಿ ನಿಂತು ಎಳೆಯುತ್ತಾರೆ, ಸಮುದ್ರ ಉಬ್ಬುತ್ತದೆ, ನೆಲ ಸುಮ್ಮನಿರುತ್ತದೆಯೇ ಎಂಬುದು ಅವರ ವಾದ. ಆ ಎರಡು ದಿನ ಕಾರು ಗರಾಜಿನೊಳಗೆ ಬರುವಂತಿಲ್ಲ. ಗರಾಜು ಕುಸಿದರೆ ಕಾರಾದರೂ ಉಳಿಯಲಿ ಎಂದು. ಇದಕ್ಕಾಗಿ ಮನೆಗೆ ಪಂಚಾಂಗ ತರಿಸಿದ್ದಾರೆ.

ಅಕ್ಕ ಒಮ್ಮೆ, "ನಮ್ಮಜ್ಜಿನೂ ಅಮಾವಾಸ್ಯೆ ದಿನ ಗಾಡಿ ಮುಟ್ಟಬೇಡಿ ಅಂತಿದ್ರು ರೀ" ಎಂದಳು.

"ಅದು ಮೂಢನಂಬಿಕೆ. ಇದು ಉಬ್ಬರವಿಳಿತ" ಎಂದರು ಭಾವ.

ಈ ಸಲದ ನವರಾತ್ರಿಗೆ ಅಮ್ಮ ತೀರಿಕೊಂಡು ವರ್ಷ ಕಳೆದಿತ್ತು; ಅಮ್ಮ ಇಲ್ಲದೆ ಗೊಂಬೆ ಕೂರಿಸಿದ್ದು ಇದೇ ಮೊದಲು. ಅಕ್ಕನ ಮದುವೆಯಲ್ಲಿ ಅಮ್ಮ ಕೊಟ್ಟ ಪಟ್ಟದ ಗೊಂಬೆಗಳು, ಮರದ ರಾಜ, ಮರದ ರಾಣಿ, ಮೇಲಿನ ಮೆಟ್ಟಿಲೇರುವ ಹೊತ್ತಿಗೆ ಅಕ್ಕ ರಾಣಿಯ ಸೆರಗನ್ನು ಮತ್ತೆ ಮತ್ತೆ ಸವರಿದಳು. ರಾಣಿಯ ಜರಿ ಸೀರೆ ಅಮ್ಮನೇ ಹೊಲಿದದ್ದು.

"ಇವು ಬೀಳದ ಹಾಗೆ ಏನಾದ್ರೂ ಮಾಡ್ರೀ" ಎಂದಳು.

ಕೇಳಬೇಕೆ! ಭಾವನ ಜೀವನದಲ್ಲಿ ಯಾರಾದರೂ ಆ ಮಾತನ್ನು ತಾವಾಗಿಯೇ ಹೇಳಿದ್ದು ಅದೇ ಮೊದಲು. ಮ್ಯೂಸಿಯಮ್ಮಿನಲ್ಲಿ ಹೂದಾನಿಗಳ ಬುಡಕ್ಕೆ ಒತ್ತುತ್ತಾರಲ್ಲ, ಮೇಣದಂಥ ಅಂಟು, ಅದನ್ನು ತಂದು ಗೊಂಬೆ ಗೊಂಬೆಯ ಕಾಲಿಗೂ ಮೆತ್ತಿದರು. ಶೆಟ್ಟಿ ಗೊಂಬೆಯ ಅಂಗಡಿಯ ಬೇಳೆಕಾಳನ್ನೂ ಬಿಡಲಿಲ್ಲ. ಆರತಿಗೆ ಬಂದ ಹೆಂಗಸರು ಮೆಟ್ಟಿಲ ಹತ್ತಿರ ಹೋದರೆ ತಾವೂ ಅಂಟಿಕೊಂಡೇವೆಂದು ದೂರದಿಂದಲೇ ಅಕ್ಷತೆ ಹಾಕಿದರು.

ವಿಜಯದಶಮಿಯ ಸಂಜೆ ಪಟ್ಟದ ಗೊಂಬೆಗಳನ್ನು ಮಲಗಿಸಬೇಕು. ಮಲಗಿಸದೆ ಹಬ್ಬ ಮುಗಿಯುವುದಿಲ್ಲ ಎಂದು ಅಮ್ಮ ಪ್ರತಿ ವರ್ಷ ಫೋನು ಮಾಡಿ ನೆನಪಿಸುತ್ತಿದ್ದಳು. ಅವತ್ತು ಭಾವನೂ ಅಪರೂಪಕ್ಕೆ ನಿರಾಳವಾಗಿದ್ದರು. "ದಶಮಿ ಕಣಮ್ಮ. ಸೂರ್ಯ ಒಂದು ಕಡೆ, ಚಂದ್ರ ಒಂದು ಕಡೆ. ಇವತ್ತೇನೂ ಆಗಲ್ಲ" ಎಂದು ನನಗೆ ಕಾಫಿ ಬೆರೆಸಿಕೊಟ್ಟರು.

ಅಕ್ಕ ಸ್ಟೂಲು ಹತ್ತಿ ರಾಜನ ಸೊಂಟ ಹಿಡಿದಳು. ರಾಜ ಏಳಲಿಲ್ಲ. ಎಳೆದಳು. ಮೆಟ್ಟಿಲೇ ಕಿರುಗುಟ್ಟಿತು.

"ರೀ, ಎಷ್ಟು ಅಂಟು ಹಾಕಿದೀರಾ?"

"ಅತ್ತೆ ಕೊಟ್ಟ ಗೊಂಬೆ ಅಲ್ವಾ... ಸ್ವಲ್ಪ ಜಾಸ್ತೀನೇ."

ಎಳೆದರೆ ರಾಜನ ಕಾಲು ಮುರಿಯುತ್ತದೆ. ಬಿಟ್ಟರೆ ಅಮ್ಮನ ಹಬ್ಬ ಮುಗಿಯುವುದಿಲ್ಲ. "ಅಮ್ಮ ಇಲ್ಲದ ವರ್ಷವೇ ಹೀಗಾಗ್ಬೇಕಾ?" ಎಂದು ಅಕ್ಕ ರಾಜನನ್ನು ಹಿಡಿದುಕೊಂಡೇ ಅಳತೊಡಗಿದಳು. ಭಾವ ಅಪರಾಧಿಯಂತೆ ಬಾಗಿಲ ಬಳಿ ನಿಂತಿದ್ದರು. ಯಾರಿಗೂ ನಗು ಬರಲಿಲ್ಲ.

ಆಗ ಎಲ್ಲರ ಫೋನುಗಳೂ ಒಟ್ಟಿಗೆ ಕಿರುಚಿಕೊಂಡವು. ಭೂಕಂಪದ ಎಚ್ಚರಿಕೆ!

ಭಾವನ ಮಗಳು ನನ್ನ ಕೈ ಹಿಡಿದು ಊಟದ ಮೇಜಿನ ಕೆಳಗೆ ಎಳೆದಳು. ಓಡಬಾರದು, ಬಗ್ಗಬೇಕು, ತಲೆ ಮುಚ್ಚಿಕೊಳ್ಳಬೇಕು: ಭಾವ ನಮಗೆ ಬಾಯಿಪಾಠ ಮಾಡಿಸಿದ್ದ ಪಾಠ. ಮೇಜಿನ ಕೆಳಗಿನಿಂದ ನನಗೆ ಕಂಡದ್ದು ಎರಡು ಕಾಲುಗಳು. ಪಾಠ ಹೇಳಿಕೊಟ್ಟವರ ಕಾಲುಗಳೇ ಓಡುತ್ತಿದ್ದವು. ಭಾವ ಅಕ್ಕನನ್ನು ಸ್ಟೂಲಿನಿಂದ ಇಳಿಸಿ, ನೆಲಕ್ಕೆ ಕೂರಿಸಿ, ಅವಳ ಮೇಲೆ ಬಾಗಿ ತಮ್ಮ ಬೆನ್ನನ್ನೇ ಸೂರು ಮಾಡಿದರು. ಮನೆ ಗುಡುಗಿತು. ಕಪಾಟಿನೊಳಗೆ ಪಾತ್ರೆಗಳು ಬಡಿದಾಡಿದವು.

ಎಲ್ಲ ನಿಂತಾಗ ತಲೆಯೆತ್ತಿ ನೋಡಿದೆವು. ಒಂದು ಗೊಂಬೆಯೂ ಬಿದ್ದಿರಲಿಲ್ಲ. ಶೆಟ್ಟಿಯ ಅಂಗಡಿಯ ಒಂದು ಕಾಳೂ ಚೆಲ್ಲಿರಲಿಲ್ಲ.

"ರೀ, ನಿಮ್ಮ ಹೆಲ್ಮೆಟ್ಟು?" ಅಕ್ಕ ಕೇಳಿದಳು.

"ಮರ್ತೋಯ್ತು ಕಣೇ."

ಹುಡುಗಿ ಹೂ ಕಟ್ಟುವ ದಾರ ತಂದು ರಾಜನ ಪಾದದ ಕೆಳಗೆ ತೂರಿಸಿ, ಗರಗಸದಂತೆ ಮೆಲ್ಲಗೆ ಆಚೀಚೆ ಎಳೆದಳು. ಅಂಟು ಬಿಟ್ಟಿತು. ರಾಣಿಯೂ ಕೈಗೆ ಬಂದಳು. ಅಕ್ಕ ರೇಷ್ಮೆ ಬಟ್ಟೆ ಹಾಸಿ, ಎರಡನ್ನೂ ಭಾವನ ಕೈಗೆ ಕೊಟ್ಟು, "ಈ ವರ್ಷ ನೀವೇ ಮಲಗ್ಸಿ" ಎಂದಳು.

ಭಾವ ರಾಜನನ್ನು ಮಲಗಿಸಿದರು. ಪಕ್ಕದಲ್ಲಿ ರಾಣಿಯನ್ನು ಮಲಗಿಸಿ, ಅಮ್ಮ ಹೊಲಿದ ಸೀರೆಯ ನೆರಿಗೆ ಸರಿಪಡಿಸಲು ಹೋದರು. ಆಗಲಿಲ್ಲ. ನೆಲ ನಿಂತು ಎಷ್ಟೋ ಹೊತ್ತಾಗಿತ್ತು, ಅವರ ಕೈ ಮಾತ್ರ ಇನ್ನೂ ನಡುಗುತ್ತಲೇ ಇತ್ತು. ಅಕ್ಕ ಅದರ ಮೇಲೆ ತನ್ನ ಕೈಯಿಟ್ಟಳು. ನಡುಕ ನಿಲ್ಲುವವರೆಗೂ ತೆಗೆಯಲಿಲ್ಲ.