ಅಣ್ಣ ಆ್ಯಪ್, ತಮ್ಮ ಆ್ಯಪ್, ನಡುವೆ ನನ್ನ ಅಂಗಡಿ

ಬಟ್ಟೆ ಅಂಗಡಿ ಇಟ್ಟುಕೊಂಡ ನನ್ನ ಹತ್ತಿರ ಬಂದು ಬಟ್ಟೆ ಕೇಳುವವರು ಕಡಿಮೆಯಾಗಿ ಬಹಳ ಕಾಲವಾಯಿತು. ಮಿಕ್ಕಿದ್ದೆಲ್ಲ ಕೇಳುತ್ತಾರೆ. ಅಳತೆ ಕೇಳುತ್ತಾರೆ, ಕನ್ನಡಿ ಕೇಳುತ್ತಾರೆ, ಫೋನಿಗೆ ಚಾರ್ಜರ್ ಕೇಳುತ್ತಾರೆ, ಕೊನೆಗೆ ಯಾವ ಆ್ಯಪಿನಲ್ಲಿ ತರಿಸಿದರೆ ಒಳ್ಳೆಯದು ಅಂತ ನನ್ನನ್ನೇ ಕೇಳುತ್ತಾರೆ. ಇಂಥದು ಒಂದಾದರೂ ನಡೆಯದೆ ನಾನು ಷಟರ್ ಎಳೆದ ದಿನವಿಲ್ಲ. ಮೊದಮೊದಲು ಮನೆಗೆ ಹೋಗಿ ಹೇಳಿಕೊಂಡು ನಗುತ್ತಿದ್ದೆ. ಈಗ ನಗು ಕೇಳುವವರಿಗೆ, ಹೊಟ್ಟೆಯುರಿ ನನಗೆ.

ಚಿಕ್ಕಮಗಳೂರಿನ ಬಸ್ ಸ್ಟ್ಯಾಂಡಿನಿಂದ ಕೂಗಳತೆಯಲ್ಲಿರುವ ಈ ಅಂಗಡಿ ನಮ್ಮ ತಾತ ಇಟ್ಟದ್ದು. ದಿನದ ವ್ಯಾಪಾರದಲ್ಲಿ ಗಲ್ಲಾಪೆಟ್ಟಿಗೆಯ ಮುಂದೆ ಹಚ್ಚುವ ಊದುಬತ್ತಿಯ ಖರ್ಚು ಹುಟ್ಟಿದರೆ ಹೆಚ್ಚು. ಅಂಗಡಿಗೆ ಇನ್ನೂ ಜೀವ ಇರುವುದು ಮಲ್ಲಂದೂರಿನ ಒಂದು ಎಸ್ಟೇಟಿನ ದೆಸೆಯಿಂದ. ಕಾಫಿ ಹಣ್ಣಿನ ಕುಯ್ಲು ಶುರುವಾಗುವ ಮುಂಚೆ ಆಳುಗಳಿಗೆಲ್ಲ ಸ್ವೆಟರ್ ಕೊಡಿಸುವುದು ಆ ಎಸ್ಟೇಟಿನ ಗೌಡರ ಅಪ್ಪನ ಕಾಲದಿಂದ ಬಂದ ಪದ್ಧತಿ. ಅದನ್ನು ನಮ್ಮಲ್ಲೇ ಕೊಳ್ಳುವುದು ನಮ್ಮಪ್ಪನ ಕಾಲದಿಂದ ಬಂದ ಪದ್ಧತಿ. ಆ ಒಂದು ಆರ್ಡರ್ ಬಂದರೆ ಅಂಗಡಿಯ ಬಾಡಿಗೆಗೆ ದಾರಿಯಾಗುತ್ತದೆ. ಈ ಸಲ ದೀಪಾವಳಿ ಕಳೆದರೂ ಅವರಿಂದ ಫೋನ್ ಬರಲಿಲ್ಲ. ಬಾರದೇ ಹೋದರೆ ಯುಗಾದಿಗೆ ಬಾಗಿಲು ಹಾಕಿಬಿಡುವುದೆಂದು ಮನಸ್ಸಿನಲ್ಲೇ ತೀರ್ಮಾನ ಮಾಡಿ, ಯಾರಿಗೂ ಹೇಳದೆ, ಕೌಂಟರಿನಲ್ಲಿ ಕೂತು ಬೀದಿ ನೋಡುತ್ತಿದ್ದೆ. ಈ ಪ್ರಸಂಗಗಳೆಲ್ಲ ಆ ದಿನಗಳವು.

ಇಲ್ಲಿ ಎರಡು ಆ್ಯಪುಗಳು ಬರುತ್ತವೆ. ಹೆಸರು ಹೇಳಿ ಅವಕ್ಕೆ ಪುಕ್ಕಟೆ ಪ್ರಚಾರ ಕೊಡುವಷ್ಟು ಉದಾರಿ ನಾನಲ್ಲ. ಮೊದಲು ಊರಿಗೆ ಬಂದು ನನ್ನ ಅರ್ಧ ಗಿರಾಕಿಗಳನ್ನು ಒಯ್ದದ್ದು ಅಣ್ಣ. ಆಮೇಲೆ ಬಂದು, ಅಣ್ಣನಿಗಿಂತ ಅಗ್ಗಕ್ಕೆ ಕೊಟ್ಟು, ಉಳಿದರ್ಧ ಒಯ್ದದ್ದು ತಮ್ಮ. ಜನ ಹೇಳಿದ ಮಾತಿನಲ್ಲೂ ಹಾಗೇ ಬದಲಾಯಿಸಿದ್ದೇನೆ.

ಕನ್ನಡಿಯ ಮುಂದೆ

ಕಾಲೇಜಿನಲ್ಲಿ ಪಾಠ ಮಾಡುವ ಮೇಡಂ ಒಬ್ಬರು ಬಂದು ಸ್ವೆಟರ್ ತೋರಿಸಿ ಅಂದರು. ಎಸ್ಟೇಟಿಗೆಂದು ಪ್ರತಿವರ್ಷ ತರಿಸುತ್ತೇನಲ್ಲ, ಮರೂನ್ ಬಣ್ಣದ, ಮುಂದೆ ದೊಡ್ಡ ಗುಂಡಿಗಳಿರುವ ಗಟ್ಟಿ ಸ್ವೆಟರ್, ಅದನ್ನೇ ತೆಗೆದುಕೊಟ್ಟೆ. ಮೀಡಿಯಂ ಹಾಕಿದರು, ಭುಜ ಬಿಗಿ ಅಂದರು. ಲಾರ್ಜ್ ಹಾಕಿದರು, ತೋಳು ಉದ್ದ ಆಯ್ತೇನೋ ಅಂದರು. ನಾನು ಟೇಪು ಹಿಡಿದು ಭುಜ, ತೋಳು ಎಲ್ಲ ಅಳೆದು, "ನಿಮಗೆ ಲಾರ್ಜೇ ಸರಿ ಮೇಡಂ, ಕಣ್ಣು ಮುಚ್ಚಿ ತಗೊಳ್ಳಿ" ಅಂದೆ. ಅವರು ಕನ್ನಡಿಯ ಮುಂದೆ ನಿಂತು ಫೋಟೋ ಹೊಡೆದುಕೊಂಡರು. ಹಿಂದೆ ನಾನು, ಕುತ್ತಿಗೆಗೆ ಟೇಪು ಹಾಕಿಕೊಂಡು, ವ್ಯಾಪಾರ ಕುದುರಿತು ಅಂತ ಹಲ್ಲು ಕಿರಿಯುತ್ತಾ ನಿಂತಿದ್ದೆ.

ಆಮೇಲೆ ಸ್ಟೂಲಿನ ಮೇಲೆ ಕೂತು ಫೋನು ಉಜ್ಜತೊಡಗಿದರು. "ಅಂಕಲ್, ಇದೇ ಥರದ್ದು ಅಣ್ಣನಲ್ಲೂ ಇದೆ, ತಮ್ಮನಲ್ಲೂ ಇದೆ. ತಮ್ಮನಲ್ಲಿ ಸೈಜು ಸ್ವಲ್ಪ ಚಿಕ್ಕದು ಬರುತ್ತೆ ಅಂತಾರಪ್ಪ. ಲಾರ್ಜ್ ತರಿಸಲಾ, ಎಕ್ಸೆಲ್ ತರಿಸಲಾ?"

"ಇಲ್ಲೇ ಇದೆಯಲ್ಲ ಮೇಡಂ, ಈಗ ಮೈಮೇಲೇ ಇತ್ತು."

"ಅದು ಹೌದು ಅಂಕಲ್. ಆದ್ರೆ ತಮ್ಮನಲ್ಲಿ ಆಫರ್ ಇದೆ. ಹಾಕ್ಕೊಂಡಿರೋ ಫೋಟೋ ಹಾಕಿ ನಾಲ್ಕು ಸಾಲು ಒಳ್ಳೇದು ಬರೆದ್ರೆ ಕೂಪನ್ ಬೇರೆ ಕೊಡ್ತಾರೆ. ಫೋಟೋ ಹೆಂಗೂ ಈಗ ಆಯ್ತಲ್ಲ."

ನಾನು ಸ್ವೆಟರುಗಳನ್ನು ಮಡಚಿಟ್ಟೆ. ಮೆಟ್ಟಿಲು ಇಳಿಯುತ್ತಾ ಅವರು ತಿರುಗಿ ನೋಡಿ ಅಂದರು: "ಏನೇ ಹೇಳಿ ಅಂಕಲ್, ನಿಮ್ಮ ಥರ ಸರ್ವಿಸ್ ಯಾವ ಆ್ಯಪಲ್ಲೂ ಸಿಗಲ್ಲ."

ಒಂದೇ ಬಕೆಟ್

ನಮ್ಮ ಎದುರಿನ ದಿನಸಿ ಅಂಗಡಿಯವರು ಬಹಳ ಎಚ್ಚರದ ಮನುಷ್ಯ. ಅವರಂಗಡಿ ಬಿಟ್ಟು ನಾನು ಬೇರೆ ಕಡೆ ತೊಗರಿಬೇಳೆ ತಂದದ್ದು ಗೊತ್ತಾದರೆ ವಾರಗಟ್ಟಲೆ ಮಾತು ಬಿಡುತ್ತಾರೆ. ಅದೇ ಮನುಷ್ಯ ಒಂದು ದಿನ ಎರಡು ಕವರು ಹಿಡಿದುಕೊಂಡು ಬಂದರು. ಒಂದು ಅಣ್ಣನದು, ಒಂದು ತಮ್ಮನದು. ಎರಡರಲ್ಲೂ ಒಂದೇ ಥರದ ಕಡುನೀಲಿ ಶರಟು.

"ಎರಡೂ ತರಿಸಿದೆ ಮಾರಾಯ್ರೆ. ಚೆನ್ನಾಗಿರೋದನ್ನ ಇಟ್ಕೊಂಡು ಇನ್ನೊಂದನ್ನ ವಾಪಸ್ ಕಳಿಸೋದು. ಮುಟ್ಟಿ ನೋಡಿ ಹೇಳಿ. ಬಟ್ಟೆ ವಿಷಯ ನಿಮಗೆ ಗೊತ್ತಿದ್ದಷ್ಟು ಈ ಬೀದೀಲಿ ಇನ್ಯಾರಿಗೆ ಗೊತ್ತು?"

ಹೊಗಳಿಕೆಗೆ ಉಬ್ಬಿ ಮುಟ್ಟಿ ನೋಡಿದೆ. ಎರಡೂ ಶರಟಿನ ಆಚೆ ಬದಿಯಿಂದ ನನ್ನ ಬೆರಳು ಕಾಣುತ್ತಿತ್ತು. ಆ ಮಾತು ಹೇಳಿದರೆ ಹೊಟ್ಟೆಕಿಚ್ಚು ಅನ್ನುತ್ತಾರೆ. ಸಾಗಹಾಕಿದರೆ ಸಾಕೆಂದು, "ಒಂದು ಮೂಲೆ ಒದ್ದೆ ಮಾಡಿ ನೋಡಿ. ಬಣ್ಣ ಬಿಡದೇ ಇರೋದನ್ನ ಇಟ್ಕೊಳ್ಳಿ" ಅಂದೆ.

ಮಾರನೇ ದಿನ ಬಂದಾಗ ಅವರು ಯಾವಾಗಲೂ ಉಡುವ ಬಿಳಿ ಪಂಚೆ ತಿಳಿನೀಲಿಯಾಗಿತ್ತು. ಮೂಲೆ ಒದ್ದೆ ಮಾಡಿದರೆ ಸರಿಯಾಗಿ ಗೊತ್ತಾಗುವುದಿಲ್ಲ ಅಂತ ಎರಡೂ ಶರಟನ್ನು ಒಟ್ಟಿಗೇ ಬಕೆಟಿನಲ್ಲಿ ಮುಳುಗಿಸಿದ್ದರಂತೆ. ನೀರು ದಂಡವಾಗಬಾರದು ಅಂತ ಪಂಚೆಯನ್ನೂ ಅದಕ್ಕೇ ಹಾಕಿದ್ದರಂತೆ.

ನಗು ತಡೆದುಕೊಂಡು, "ಯಾವುದು ಬಣ್ಣ ಬಿಟ್ಟಿದ್ದು?" ಅಂದೆ.

"ಅದನ್ನ ಕೇಳೋಕೇ ಅಲ್ವೇನ್ರೀ ನಿಮ್ಮ ಹತ್ರ ಬಂದಿರೋದು!" ಅಂದರು.

ವಾಪಸಾತಿಗೆ ಕಾರಣ

ಗುಡ್ಡದ ಮೇಲಿನ ಊರುಗಳಿಗೆ ಪಾರ್ಸೆಲ್ ಹುಡುಗರು ಹತ್ತುವುದಿಲ್ಲ. ಆ ಕಡೆಯವರು ಅದಕ್ಕೊಂದು ಉಪಾಯ ಕಂಡುಹಿಡಿದಿದ್ದಾರೆ. ವಿಳಾಸಕ್ಕೆ ನನ್ನ ಅಂಗಡಿಯ ಹೆಸರು ಬರೆಸುವುದು. ಬಸ್ ಸ್ಟ್ಯಾಂಡಿಗೆ ಹತ್ತಿರ ನೋಡಿ, ನಾನು ಇಳಿಸಿಕೊಂಡು ಅವರೂರಿನ ಬಸ್ಸಿನ ಕಂಡಕ್ಟರ್ ಕೈಗೆ ಕೊಡಬೇಕು, ಅವನು ಅವರ ಸ್ಟಾಪಿನಲ್ಲಿ ಇಳಿಸಬೇಕು. ಔಷಧಿ, ಸ್ಪೇರ್ ಪಾರ್ಟು, ಮದುವೆ ಕರೆಯೋಲೆ ಎಲ್ಲ ನಮ್ಮಲ್ಲಿ ಹೀಗೇ ಬೆಟ್ಟ ಹತ್ತಿದ್ದು. ಬೇಡ ಅನ್ನಲು ಬಾಯಿ ಬರುವುದಿಲ್ಲ. ಹಾಗಾಗಿ ನನ್ನ ಗಿರಾಕಿಗಳನ್ನು ಒಯ್ದವರ ಮೂಟೆಗಳನ್ನು ನಾನೇ ಹೊತ್ತು ಬಸ್ಸಿಗೆ ಹಾಕುತ್ತೇನೆ.

ಅತ್ತಿಗುಂಡಿಯಲ್ಲಿ ಪ್ರವಾಸಿಗರಿಗೆ ಟೀ, ಬಜ್ಜಿ ಮಾಡಿ ಮಾರುವ ಹೆಂಗಸೊಬ್ಬರು ಅಣ್ಣನಲ್ಲಿ ಹೂವಿನ ನೈಟಿ ತರಿಸಿದ್ದರು. ಬಸ್ಸಿಗೆ ಹಾಕಿದೆ. ಮಧ್ಯಾಹ್ನ ಅವರ ಫೋನ್ ಬಂತು.

"ಅಂಗಡಿಯವ್ರೇ, ನಾನು ಬಾಣಲೇಲಿ ಬಜ್ಜಿ ಬಿಟ್ಟಿದ್ದೆ ಅಂತ ಕಂಡಕ್ಟರು ಕವರನ್ನ ಕಟ್ಟೆ ಮೇಲಿಟ್ಟು ಹೋದ. ಕೋತಿ ಎತ್ಕೊಂಡು ಮರ ಹತ್ತಿತು. ಕವರು ಹರಿದು ನೈಟೀನ ತಲೆಗೆ ಹಾಕ್ಕೊಂಡು ಕೂತಿತ್ತು ಕಣ್ರೀ. ಟೂರಿಸ್ಟ್‌ಗಳು ಟೀ ಬಿಟ್ಟು ಫೋಟೋ ತೆಗೀತಾ ನಿಂತ್ರು."

"ಆಮೇಲೆ?"

"ಆಮೇಲೆ ಮೂಸಿ ನೋಡಿ, ಎಳೆದು ನೋಡಿ, ಕೆಳಗೆ ಎಸೀತು. ತೋಳು ಕಿತ್ತು ಬಂದಿದೆ. ವಾಪಸ್ ಕಳಿಸೋಣ ಅಂದ್ರೆ ಕಾರಣ ಒತ್ತು ಅಂತಿದೆ ಫೋನು. ಸೈಜು ಸರಿಯಿಲ್ಲ, ಬಣ್ಣ ಬೇರೆ, ಇಷ್ಟ ಆಗಲಿಲ್ಲ, ಇಷ್ಟೇ ಇರೋದು. ಕೋತಿ ಅಂತ ಇಲ್ಲ. ಎಂಥದು ಒತ್ಲಿ?"

"ಇಷ್ಟ ಆಗಲಿಲ್ಲ ಅಂತ ಒತ್ತಿಬಿಡಿ."

ಅವರು ಸಣ್ಣ ದನಿಯಲ್ಲಿ ಕೇಳಿದರು: "ಯಾರಿಗೆ ಅಂತ ಕೇಳಿದ್ರೆ?"

ಮನೆಯಲ್ಲಿ

ಇದನ್ನು ಬರೆಯುವುದು ಬೇಡ ಅಂದುಕೊಂಡಿದ್ದೆ.

ಪಕ್ಕದ ಮನೆಯಾಕೆಯ ಹೆಸರಿಗೆ ತಮ್ಮನಿಂದ ಒಂದು ಪಾರ್ಸೆಲ್ ಬಂತು; ಅವರ ಮನೆಗೆ ಬೀಗವಿತ್ತೆಂದು ಪಾರ್ಸೆಲ್ ಹುಡುಗ ನನ್ನ ಅಂಗಡಿಯಲ್ಲೇ ಕೊಟ್ಟು ಹೋದ. ಸಂಜೆ ಮನೆಗೆ ಹೋಗುತ್ತಾ ಒಯ್ದು ಅವರ ಬಾಗಿಲಲ್ಲಿ ಕೊಟ್ಟೆ. ಆಕೆ ಯಾಕೋ ನನ್ನ ಮುಖ ನೋಡಲಿಲ್ಲ. ಸೋಮವಾರ ಈಶ್ವರನ ಗುಡಿಯಲ್ಲಿ ನನ್ನ ಹೆಂಡತಿ ಹೊಸ ಸೀರೆ ಉಟ್ಟಿದ್ದಳು. ಪೂಜೆಗೆ ಬಂದ ಇನ್ನೊಬ್ಬರು, "ಎಷ್ಟು ಚೆನ್ನಾಗಿದೆ! ನಿಮಗೇನು ಬಿಡಿ, ಸ್ವಂತ ಅಂಗಡಿ" ಅಂದರು. ನಾನು ಆ ಸೀರೆಯನ್ನು ಅದೇ ಮೊದಲು ನೋಡಿದ್ದು.

ದಾರಿಯಲ್ಲಿ ಕೇಳಿದೆ. ಅವಳು ತಪ್ಪು ಮಾಡಿದವಳಂತೇನೂ ಇರಲಿಲ್ಲ. "ನಿಮ್ಮ ಮನಸ್ಸಿಗೆ ಬೇಜಾರಾಗಬಾರದು ಅಂತಾನೇ ಅವರ ಹೆಸರಲ್ಲಿ ತರಿಸಿದ್ದು. ಹೊತ್ಕೊಂಡು ಬಂದಿದ್ದು ನೀವೇ ಅಲ್ವಾ? ನೀವು ತಂದುಕೊಟ್ಟ ಸೀರೆ ಅಂತಾನೇ ಉಟ್ಕೊಂಡೆ" ಅಂದಳು.

ಮಲ್ಲಂದೂರಿನ ಜಗಲಿ

ಕೊನೆಗೂ ಗೌಡರ ಫೋನ್ ಬಂತು. "ಸ್ವೆಟರ್ ವಿಷಯ ಮಾತಾಡಬೇಕಿತ್ತು. ಒಂದು ಸ್ಯಾಂಪಲ್ ಹಿಡ್ಕೊಂಡು ಬನ್ನಿ" ಅಂದರು. ನನಗೆ ಹೋದ ಜೀವ ಬಂದಂತಾಯಿತು. ವಿಭೂತಿ ಹಚ್ಚಿಕೊಂಡು, ಮರೂನ್ ಸ್ವೆಟರನ್ನು ಚೀಲದಲ್ಲಿಟ್ಟುಕೊಂಡು, ಮಲ್ಲಂದೂರಿನ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಗಿಡಗಳಲ್ಲಿ ಹಣ್ಣು ಕೆಂಪಾಗಿತ್ತು. ಯುಗಾದಿಗೆ ಬಾಗಿಲು ಹಾಕುವ ಮಾತನ್ನು ಮನಸ್ಸಿನಿಂದ ತೆಗೆದುಹಾಕಿದೆ.

ಜಗಲಿಯಲ್ಲಿ ಗೌಡರು, ಅವರ ಹೆಂಡತಿ ಅಮ್ಮಾವ್ರು, ಇಬ್ಬರ ಕೈಯಲ್ಲೂ ಒಂದೊಂದು ಫೋನು. ಕಾಫಿ ಬಂತು. ಗೌಡರು ಸಂಕೋಚದಿಂದ, "ನೀವು ಮನೆಯವರ ಹಂಗೆ, ಅದಕ್ಕೇ ಬಾಯಿಬಿಟ್ಟು ಕೇಳ್ತೀನಿ. ಈ ಸಲ ಸ್ವೆಟರ್ ಆ್ಯಪಲ್ಲಿ ತರಿಸೋಣ ಅಂತ. ನಾನು ಅಣ್ಣ ಅಂತೀನಿ, ಇವಳು ತಮ್ಮ ಅಂತಾಳೆ. ಬಟ್ಟೆ ತಿಳಿದವರು ನೀವು, ಒಂದು ಮಾತು ಹೇಳಿಬಿಡಿ" ಅಂದರು.

ಕಾಫಿ ಲೋಟ ಕೆಳಗಿಟ್ಟೆ. ಅಪ್ಪನ ಕಾಲದ ನಂಟು ಹೀಗೆ ಒಂದು ಲೋಟ ಕಾಫಿಯಲ್ಲಿ ಮುಗಿಯುತ್ತದೆ ಅಂತ ಎಣಿಸಿರಲಿಲ್ಲ. ಸಿಟ್ಟು ಬಂತು, ಅದಕ್ಕಿಂತ ಹೆಚ್ಚು ಅವಮಾನವಾಯಿತು. ಆದರೂ, "ಫೋನಲ್ಲಿ ನೋಡಿ ಸ್ವೆಟರ್ ನಂಬೋದು ಹೆಂಗೆ ಅಮ್ಮಾವ್ರೇ?" ಅಂದೆ.

"ಅದಕ್ಕೇ ನಾನು ತಮ್ಮ ಅಂತಿರೋದು. ನೋಡಿ ಇಲ್ಲಿ, ನಮ್ಮೂರ ಕಡೆಯವರೇ ಯಾರೋ ಹಾಕ್ಕೊಂಡು ಫೋಟೋ ಹಾಕಿದಾರೆ. ಅಪ್ಪಟ ಗಟ್ಟಿ ಸ್ವೆಟರ್, ಚಳಿಗೆ ಹೇಳಿ ಮಾಡಿಸಿದ ಹಾಗಿದೆ ಅಂತ ಬರೆದಿದಾರೆ. ಫೋಟೋದಲ್ಲಿ ಹಿಂದೆ ನೀವೂ ಇದೀರಲ್ಲ! ನಿಮ್ಮ ಮುಖ ನೋಡಿದ ಮೇಲೇ ನನಗೆ ಧೈರ್ಯ ಬಂದಿದ್ದು."

ನೋಡಿದೆ. ಕಾಲೇಜಿನ ಮೇಡಂ ನನ್ನ ಕನ್ನಡಿಯ ಮುಂದೆ ನನ್ನ ಸ್ವೆಟರ್ ಹಾಕಿಕೊಂಡು ನಿಂತಿದ್ದರು. ಹಿಂದೆ ನಾನು ಹಲ್ಲು ಕಿರಿಯುತ್ತಿದ್ದೆ.

ಚೀಲದಿಂದ ಸ್ವೆಟರ್ ತೆಗೆದು ಅಮ್ಮಾವ್ರ ಮುಂದೆ ಹರವಿದೆ. "ಆ ಫೋಟೋದಲ್ಲಿರೋದು ತಮ್ಮನ ಸ್ವೆಟರ್ ಅಲ್ಲ ಅಮ್ಮಾವ್ರೇ. ಇದು. ನನ್ನ ಅಂಗಡೀದು. ಗುಂಡಿ ನೋಡಿ, ಹೊಲಿಗೆ ನೋಡಿ."

ಅಮ್ಮಾವ್ರು ಫೋನನ್ನೂ ಸ್ವೆಟರನ್ನೂ ಪಕ್ಕಪಕ್ಕ ಇಟ್ಟು ನೋಡಿದರು. ಬಟ್ಟೆ ಹಿಂಡಿ ನೋಡಿದರು. ಮುಖ ಅರಳಿತು. ಸದ್ಯ, ಅರ್ಥವಾಯಿತು ಅಂದುಕೊಂಡೆ.

"ಹೌದಲ್ಲ, ಎರಡೂ ಒಂದೇ! ನೋಡಿದ್ರಾ, ಇಷ್ಟು ಗಟ್ಟಿ ಮಾಲು ತಮ್ಮನಲ್ಲಿ ಅಷ್ಟು ಅಗ್ಗಕ್ಕೆ ಸಿಗ್ತಿದೆ! ಒಳ್ಳೇದಾಯ್ತು ನೀವು ಬಂದು ತೋರಿಸಿದ್ದು" ಅಂತ ಗೌಡರ ಕಡೆ ತಿರುಗಿ, "ಒತ್ತಿಬಿಡ್ರೀ" ಅಂದರು.

ಗೌಡರು ತಮ್ಮನ ಸ್ವೆಟರನ್ನೇ ಒತ್ತಿದರು, ಸೈಜು ತುಂಬುವುದಷ್ಟೇ ಬಾಕಿ ಉಳಿಯಿತು. ಪಾರ್ಸೆಲ್ ಇಲ್ಲಿಗೆ ಬರುವುದಿಲ್ಲವಾದ್ದರಿಂದ ವಿಳಾಸ ನನ್ನ ಅಂಗಡಿಯದೇ. ಆಳುಗಳ ಸೈಜು ಗೊತ್ತಿಲ್ಲವಾದ್ದರಿಂದ ಅಳತೆಯೂ ನನ್ನ ಅಂಗಡಿಯಲ್ಲೇ. ನಾನು ತಲೆಯಾಡಿಸಿದೆ. ಆ ಹೊತ್ತಿನಲ್ಲಿ ಮನೆ ತಲುಪಿದರೆ ಸಾಕಾಗಿತ್ತು.

ಮಾರನೇ ಬೆಳಿಗ್ಗೆ ಎಸ್ಟೇಟಿನ ಪಿಕಪ್ ಬಂದು ನಿಂತಿತು. ಆಳುಗಳ ಮೇಸ್ತ್ರಿ ಒಬ್ಬೊಬ್ಬರನ್ನೇ ಒಳಗೆ ಬಿಟ್ಟ. ನಾನು ಸ್ವೆಟರ್ ತೊಡಿಸುವುದು, ಟೇಪು ಹಿಡಿಯುವುದು, ಬಿಚ್ಚಿಸುವುದು, ಮೇಸ್ತ್ರಿ ಸೈಜನ್ನು ಫೋನಿನಲ್ಲಿ ಗೌಡರಿಗೆ ಹೇಳುವುದು. ಕೊನೆಗೆ ಒಬ್ಬಳು ಅಜ್ಜಿ ಬಂದಳು. ಸ್ವೆಟರ್ ತೊಟ್ಟು ಗುಂಡಿ ಹಾಕಿಕೊಂಡು, ಕನ್ನಡಿಯಲ್ಲಿ ತನ್ನನ್ನೇ ನೋಡಿ ನಕ್ಕು, ಸೀದಾ ಪಿಕಪ್ ಕಡೆ ಹೊರಟಳು.

"ಏ ಅಜ್ಜಿ, ಬಿಚ್ಚಿಡು. ಅದು ಬರೀ ಅಳತೆಗೆ. ನಿಂದು ಫೋನಲ್ಲಿ ಬರುತ್ತೆ" ಅಂದ ಮೇಸ್ತ್ರಿ.

"ಇದೇ ಬೆಚ್ಚಗಿದೆ ಕಣೋ. ಇದನ್ನ ಬಿಟ್ಟು ಅದ್ಯಾಕೆ?"

"ಇದು ಅಳತೆಗೆ ಅಂದೆನಲ್ಲ."

ಅಜ್ಜಿ ಮನಸ್ಸಿಲ್ಲದ ಮನಸ್ಸಿನಿಂದ ಗುಂಡಿ ಬಿಚ್ಚಿ ಸ್ವೆಟರನ್ನು ನನ್ನ ಕೈಗಿಟ್ಟಳು. ಆಮೇಲೆ ತಲೆಯೆತ್ತಿ ನನ್ನ ಅಂಗಡಿಯನ್ನು ನೋಡಿದಳು. ಸೂರಿನವರೆಗೆ ಪೇರಿಸಿದ ಶರಟು, ಸೀರೆ, ಪಂಚೆ, ತಾತ ಮಾಡಿಸಿದ ಬೀಟೆ ಮರದ ಕಪಾಟು, ಎಲ್ಲವನ್ನೂ ಕಣ್ಣಗಲಿಸಿ ನೋಡಿ ನನ್ನ ಕಡೆ ತಿರುಗಿದಳು.

"ಅಯ್ಯೋ ಸಾವ್ಕಾರ್ರೇ, ಇದಿಷ್ಟೂ ಬರೀ ಅಳತೆಗಾ?"

"ಹೂಂ ಅಜ್ಜಿ" ಅಂದೆ. "ಇದಿಷ್ಟೂ."