ಹಿಂಡಬೇಡಿ, ಒತ್ತಿ

ಹೆಂಡತಿ ಆ ಪ್ಲಾಸ್ಟಿಕ್ ಚೀಲವನ್ನು ಕೈಗಿಟ್ಟಾಗ ಗಡಿಯಾರ ರಿಪೇರಿಯವನಿಗೆ ಪದಕ ಸಿಕ್ಕಷ್ಟು ಸಂತೋಷವಾಯಿತು. ಒಳಗಿದ್ದದ್ದು ಅವಳ ಡರ್ಟ್ ಬೈಕಿನ ಏರ್ ಫಿಲ್ಟರ್, ಎಂದರೆ ಇಂಜಿನ್ನಿಗೆ ಗಾಳಿ ಸೋಸಿಕೊಡುವ ಸಾಮಾನು. ನೋಡಲು ಸ್ಪಂಜಿನ ಟೋಪಿಯಂತಿತ್ತು. ಒಂದು ಕಾಲಕ್ಕೆ ಹಸಿರಿದ್ದಿರಬೇಕು. ಈಗ ಎಮ್ಮೆ ಹೊರಳಾಡಿ ಎದ್ದ ಬಣ್ಣ.

ವಾರವಿಡೀ ಡ್ರೈವಿಂಗ್ ಸ್ಕೂಲಿನಲ್ಲಿ ಪುಕ್ಕಲರಿಗೆ ಕಾರು ಕಲಿಸುವ ಅವಳು ಭಾನುವಾರ ಬಂದರೆ ಮಣ್ಣುದಿಬ್ಬಗಳ ಮೇಲೆ ಬೈಕು ಹಾರಿಸುತ್ತಿದ್ದಳು. ಮದುವೆಯಾಗಿ ಒಂಬತ್ತು ವರ್ಷವಾದರೂ ಆ ಬೈಕಿನ ಹತ್ತಿರ ಗಂಡನನ್ನು ಬಿಟ್ಟುಕೊಂಡಿರಲಿಲ್ಲ. ಕಾರಣವಿತ್ತು. ಮದುವೆಯಾದ ಹೊಸದರಲ್ಲಿ ಒಮ್ಮೆ ಅವನು ಅದನ್ನು ಬಿಚ್ಚಿ ಜೋಡಿಸಿ, ನಾಲ್ಕು ಬೋಲ್ಟು ಮಿಗಿಸಿ, "ಕಂಪನಿಯವರು ಜಾಸ್ತಿ ಹಾಕಿದ್ರು ಕಣೇ" ಎಂದಿದ್ದ.

"ನೋಡ್ರೀ, ಇವತ್ತು ಮೂರು ಗಂಟೆಗೆ ರೇಸ್ ಫೈನಲ್. ನಾನು ಗಾಡಿ ತಗೊಂಡು ಮುಂಚೆ ಹೋಗಿರ್ತೀನಿ. ಇದನ್ನ ಸೀಮೆಎಣ್ಣೆಲಿ ಅದ್ದಿ, ಆಮೇಲೆ ಸೋಪುನೀರಲ್ಲಿ ತೊಳೀರಿ. ಹಿಂಡಬೇಡಿ, ಒತ್ತಿ. ನೆರಳಲ್ಲಿ ಒಣಗಿಸಿ, ಈ ಡಬ್ಬಿ ಎಣ್ಣೆ ಹಚ್ಚಿ, ಎರಡಕ್ಕೆ ಗ್ರೌಂಡಿಗೆ ತನ್ನಿ. ಆಗತ್ತಾ?"

"ಸಾಸಿವೆ ಕಾಳಿನಷ್ಟಿರೋ ಚಕ್ರ ಕೂರಿಸೋ ಕೈ ಕಣೇ ಇದು! ಸ್ಪಂಜು ಯಾವ ಲೆಕ್ಕ?"

ಅವಳು ಬೈಕನ್ನು ವ್ಯಾನಿಗೇರಿಸಿಕೊಂಡು ಹೋದಳು. ಅವನು ಅಂಗಳದಲ್ಲಿ ಬಕೆಟ್ ಇಟ್ಟದ್ದೇ ತಡ, ಮೇಲಿನ ಮನೆಯ ರಿಟೈರ್ಡ್ ಕೆಮಿಸ್ಟ್ರಿ ಮೇಷ್ಟ್ರು ಬಾಲ್ಕನಿಯಿಂದ ಬಗ್ಗಿದರು.

"ಏನಯ್ಯಾ, ಸೀಮೆಎಣ್ಣೆ ವಾಸನೆ? ಯಾಕೆ? ಎಷ್ಟು? ಯಾವ ಪ್ರಮಾಣ?"

ಪ್ರಮಾಣ ಹೇಳುವಷ್ಟರಲ್ಲಿ ಮೇಷ್ಟ್ರು ಕೆಳಗಿದ್ದರು. ಅವರ ಹಿಂದೆಯೇ ಎದುರುಮನೆಯ ಟೈಲರಮ್ಮ, ಕುತ್ತಿಗೆಗೆ ಅಳತೆಪಟ್ಟಿ ನೇತುಹಾಕಿಕೊಂಡೇ ಬಂದಳು.

"ಬಿಸಿನೀರಲ್ಲಿ ಹಾಕಿ ಚೆನ್ನಾಗಿ ಹಿಂಡಿ ಅಣ್ಣಾ. ಕೊಳೆ ಅನ್ನೋದು ಮರ್ಯಾದೆಗೆ ಬಗ್ಗಲ್ಲ."

"ಹಿಂಡಿದ್ರೆ ಹರಿಯತ್ತಮ್ಮ! ಒತ್ತಬೇಕು," ಎಂದ ಅವನು.

"ಒತ್ತೋದಕ್ಕೂ ಒಂದು ಸಿದ್ಧಾಂತ ಇದೆ," ಎಂದು ಮೇಷ್ಟ್ರು ಸ್ಪಂಜಿನ ರಂಧ್ರಗಳ ಬಗ್ಗೆ ಇಪ್ಪತ್ತು ನಿಮಿಷ ಪಾಠ ಮಾಡಿದರು. ಅಷ್ಟರಲ್ಲಿ ಅವನು ಫಿಲ್ಟರನ್ನು ಅದ್ದಿ, ಒತ್ತಿ, ತೊಳೆದು, ಮತ್ತೆ ತೊಳೆದು, ಅಚ್ಚ ಹಸಿರಿಗೆ ತಂದಿದ್ದ. ಹೂವಿನಂತೆ ಎತ್ತಿ ಹಿಡಿದು, "ಎಲ್ಲಿ ಒಣಗಿಸಲಿ?" ಎಂದ.

"ನೆರಳು, ಗಾಳಿ ಎರಡೂ ಇರೋ ಜಾಗ. ಬಚ್ಚಲ ಕಿಟಕಿ!" ಎಂದು ಮೇಷ್ಟ್ರು ತೀರ್ಪಿತ್ತರು.

ಬಚ್ಚಲ ಕಿಟಕಿಯಲ್ಲಿ ಫಿಲ್ಟರಿಟ್ಟು ಅವನು ಒಂದು ಲೋಟ ಚಹಾ ಕುಡಿದ, ಅಷ್ಟೆ. ಬಚ್ಚಲ ಬಾಗಿಲು ತೆರೆಯಿತು. ಹಬೆಯಾಡುವ ಮೈಯಲ್ಲಿ, ಟವೆಲ್ ಸುತ್ತಿಕೊಂಡು ಮಾವ ಹೊರಬಂದರು. ಮಗಳ ಮನೆಗೆ ನಾಲ್ಕು ದಿನಕ್ಕೆಂದು ಬಂದು ಐದನೇ ತಿಂಗಳಿಗೆ ಕಾಲಿಟ್ಟಿದ್ದ ಮನುಷ್ಯ. ಮುಖದಲ್ಲಿ ಪರಮಾನಂದ.

"ಅಳಿಯಂದಿರೇ, ಹೊಸ ಸ್ಪಂಜು ಬಹಳ ಚೆನ್ನಾಗಿತ್ತು. ಬೆನ್ನಿನ ಮೂಲೆಮೂಲೆಗೂ ಹೋಯ್ತು. ಆದ್ರೆ ಬಾಳಿಕೆ ಇಲ್ಲಪ್ಪ, ಈಗಿನ ಸಾಮಾನು."

ಅಂಗೈ ಬಿಡಿಸಿದರು. ಹಸಿರು ಚೂರುಗಳು, ಕೊತ್ತಂಬರಿ ಹೆಚ್ಚಿಟ್ಟ ಹಾಗೆ.

ಗಡಿಯಾರದವನು ಮಾವನ ಬೆನ್ನಿಗೆ ಅಂಟಿದ್ದ ಒಂದು ಚೂರನ್ನು ಮೆಲ್ಲಗೆ ಬಿಡಿಸಿಕೊಂಡ. ಮೂರು ಫೈನಲ್‌ಗಳಲ್ಲಿ ಹೆಂಡತಿ ನಾಲ್ಕನೆಯವಳಾಗಿ ಬಂದದ್ದು, ಪ್ರತಿ ಸಲ ಮನೆಗೆ ಬಂದು ಹೆಲ್ಮೆಟ್ ಬಿಚ್ಚದೆಯೇ ಕೂತಿರುತ್ತಿದ್ದದ್ದು ಕಣ್ಣ ಮುಂದೆ ಬಂತು. ಭಾನುವಾರ, ಸ್ಪೇರ್ ಪಾರ್ಟ್ ಅಂಗಡಿಗಳೆಲ್ಲ ಮುಚ್ಚಿದ್ದವು. ಗಂಟೆ ಹನ್ನೆರಡು.

ವಿಷಯ ತಿಳಿದ ಮಾವನ ಮುಖ ಒಗೆದ ಬಟ್ಟೆಯಂತೆ ಬಿಳಿಚಿತು. ಮಗಳ ಕೋಪ ಅವಳು ಹುಟ್ಟಿದಾಗಿನಿಂದ ಅವರಿಗೆ ಪರಿಚಯ. "ನನ್ನ ಆರಾಮಕುರ್ಚಿ ದಿಂಬು ಕೊಯ್ಯಿರಿ. ಅದೂ ಸ್ಪಂಜೇ ತಾನೇ?" ಎಂದರು, ಕಿಡ್ನಿ ದಾನ ಮಾಡುವವರ ದನಿಯಲ್ಲಿ.

ಮುಂದೆ ಆ ಮನೆ ಆಪರೇಷನ್ ಥಿಯೇಟರಾಯಿತು. ಟೈಲರಮ್ಮ ಚೂರುಗಳನ್ನು ಜೋಡಿಸಿ ಅಳತೆ ತೆಗೆದಳು, ಕತ್ತರಿಸಿದಳು, ಹೊಲಿದಳು. ಮೇಷ್ಟ್ರು ಬೆಳಕಿಗೆ ಹಿಡಿದು ರಂಧ್ರ ಎಣಿಸಿ, "ಗಾಳಿಗೇನೋ ಧಾರಾಳ" ಎಂದರು. ಅವನು ಎಣ್ಣೆ ಸವರಿದ. ಮೇಷ್ಟ್ರ ಹಳೇ ಕಾರಿನಲ್ಲಿ ನಾಲ್ವರೂ ಮೈದಾನ ತಲುಪಿದಾಗ ಎರಡೂ ಮುಕ್ಕಾಲು.

ಹೆಂಡತಿ ಬೈಕಿನ ಪಕ್ಕ ಗ್ಲೌಸ್ ಹಾಕಿಕೊಳ್ಳುತ್ತಿದ್ದಳು. ಅವನು ಓಡಿಹೋಗಿ ಒಂದೇ ಉಸಿರಿಗೆ ಎಲ್ಲ ಒಪ್ಪಿಸಿದ: ಕಿಟಕಿ, ಬೆನ್ನು, ದಿಂಬು. "ಬೈಯೋದಾದ್ರೆ ಬೈದುಬಿಡು, ಆದ್ರೆ ಇವತ್ತು ಓಡಿಸಬೇಡ ಕಣೇ. ಇದನ್ನ ನಂಬಬೇಡ."

ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. "ಅಯ್ಯೋ ರೀ! ಬೆಳಿಗ್ಗೇನೇ ಹೊಸ ಫಿಲ್ಟರ್ ಹಾಕಿ ಆಯ್ತು. ಅದು ಎಸೆಯೋಕಿಟ್ಟಿದ್ದ ಹಳೇದು."

"ಮತ್ತೆ ನನಗ್ಯಾಕೆ ಕೊಟ್ಟೆ?"

"ಕೈಗೊಂದು ಕೆಲಸ ಕೊಡದಿದ್ರೆ ಬೆಳಿಗ್ಗೇನೇ ನನ್ನ ಜೊತೆ ಬಂದು ಗಾಡೀನೇ ಬಿಚ್ತಿರಲಿಲ್ವಾ ನೀವು?"

ಅವನಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಎದೆಯ ಕಲ್ಲು ಇಳಿದಿತ್ತು, ಅದೇ ಕಲ್ಲು ಕಾಲಿನ ಮೇಲೆ ಬಿದ್ದಂತಾಗಿತ್ತು.

ಅಷ್ಟರಲ್ಲಿ ಪಕ್ಕದ ಗುಡಾರದಿಂದ ಕೂಗು ಕೇಳಿತು. ಎಲ್ಲರೂ 'ಸುಂಟರಗಾಳಿ' ಎಂದು ಕರೆಯುವ ಹುಡುಗಿ, ಸತತ ಎರಡು ವರ್ಷದ ಚಾಂಪಿಯನ್. ಅವಳದ್ದೂ ಇದೇ ಮಾಡೆಲ್ ಬೈಕು. ಅವಸರದಲ್ಲಿ ಕೂರಿಸಹೋಗಿ ತನ್ನ ಫಿಲ್ಟರನ್ನು ಉದ್ದುದ್ದ ಹರಿದುಕೊಂಡು ಅಳುಮೋರೆ ಮಾಡಿ ನಿಂತಿದ್ದಳು. "ಅಕ್ಕಾ, ನಿಮ್ಮ ಹತ್ರ ಇನ್ನೊಂದು ಇದೆಯಾ?"

ಹೆಂಡತಿ ಗಂಡನ ಕೈಯಲ್ಲಿದ್ದ ದಿಂಬಿನ ಟೋಪಿಯನ್ನು ನೋಡಿದಳು. ತುಟಿಯ ಅಂಚಿನಲ್ಲಿ ಸಣ್ಣ ನಗು. "ಕೊಡ್ರೀ ಪಾಪ. ಕಷ್ಟಕ್ಕಾಗದ ಸಾಮಾನು ಎಂಥದ್ದು?" ಎಂದು, ಅವನ ಕಿವಿಯಲ್ಲಿ, "ಅಪ್ಪನ ಕುರ್ಚಿ ಮೇಲೆ ಕೂತು ಎಷ್ಟು ದೂರ ಹೋಗ್ತಾಳೋ ನೋಡೋಣ," ಎಂದಳು.

ಸುಂಟರಗಾಳಿ ಬಹಳ ದೂರ ಹೋದಳು. ಮೊದಲ ದಿಬ್ಬದಲ್ಲೇ ಅವಳ ಬೈಕು ಜಾತ್ರೆಗೆ ಬಿಟ್ಟ ಕರುವಿನಂತೆ ಜಿಗಿಯಿತು. ಹೆಂಡತಿ ಹಲ್ಲು ಕಚ್ಚಿ ಬೆನ್ನಟ್ಟಿದಳು, ಜೀವಮಾನದಲ್ಲೇ ಚೆನ್ನಾಗಿ ಓಡಿಸಿದಳು, ಕೊನೆಯ ತಿರುವಿನಲ್ಲಿ ಚಕ್ರಕ್ಕೆ ಚಕ್ರ ತಾಗಿಸಿದಳು. ಸೋತದ್ದು ಒಂದು ಗೇಣಿನಲ್ಲಿ.

ಎರಡನೇ ಸ್ಥಾನ! ನಾಲ್ಕರಿಂದ ಎರಡಕ್ಕೆ! ಗಡಿಯಾರದವನು ಚಪ್ಪಾಳೆ ತಟ್ಟಲು ಕೈ ಎತ್ತಿದ್ದ. ಆಗಲೇ ಸುಂಟರಗಾಳಿ ಮೈಕು ಕಸಿದುಕೊಂಡು ಕೂಗಿದಳು: "ಈ ಕಪ್ಪು ಅಲ್ಲಿ ನಿಂತಿರೋ ಅಣ್ಣನದ್ದು! ಅವರು ಕೈಯಾರೆ ಮಾಡಿದ ಫಿಲ್ಟರ್ ಹಾಕಿದೆ, ಗಾಡಿ ಹೀಗೆ ಉಸಿರಾಡಿದ್ದು ನಾನು ಹಿಂದೆಂದೂ ನೋಡೇ ಇಲ್ಲ!"

ಮೈದಾನವೆಲ್ಲ ಅವನತ್ತ ತಿರುಗಿತು.

"ರಂಧ್ರದ ಲೆಕ್ಕ ನಂದು," ಎಂದರು ಮೇಷ್ಟ್ರು.

"ಹೊಲಿಗೆ ನಂದು," ಎಂದಳು ಟೈಲರಮ್ಮ.

"ದಿಂಬು ನಂದು," ಎಂದರು ಮಾವ, ಎದೆ ಉಬ್ಬಿಸಿ.

ಹೆಂಡತಿ ಹೆಲ್ಮೆಟ್ ಬಿಚ್ಚದೆಯೇ ಬೈಕು ತಳ್ಳಿಕೊಂಡು ವ್ಯಾನಿನ ಹತ್ತಿರ ಬಂದಳು. ಗಾಜಿನ ಹಿಂದೆ ಎರಡು ಕಣ್ಣು ಮಾತ್ರ ಕಾಣುತ್ತಿದ್ದವು. ಅವನಿಗೆ ಅಷ್ಟೇ ಸಾಕಾಯಿತು.

"ರೀ, ಅಷ್ಟೊಳ್ಳೇ ಫಿಲ್ಟರ್ ಕೈಯಲ್ಲಿಟ್ಕೊಂಡು ನನ್ನ ಗಾಡಿಗೆ ಯಾಕೆ ಹಾಕಲಿಲ್ಲ ನೀವು?"

ಅವನು ಸಾಕ್ಷಿಗಾಗಿ ಮಾವನ ಕಡೆ ತಿರುಗಿದ.

ಮಾವ ಮೆಲ್ಲಗೆ ಎರಡು ಹೆಜ್ಜೆ ಸರಿದು ಮಗಳ ಪಕ್ಕ ನಿಂತರು. "ಹೌದು ಅಳಿಯಂದಿರೇ," ಎಂದರು, "ನಾನೂ ಅದನ್ನೇ ಕೇಳೋಣ ಅಂತಿದ್ದೆ."