ಮನೆಯಲ್ಲೇ ಬೀಸಿದ ಎಡಿಟರ್

ನಾನು ಹಳೆಯ ಕಂಪ್ಯೂಟರಿನ ಮುಂದೆ ಕೂತಾಗಲೆಲ್ಲ ಯಾರಾದರೊಬ್ಬರು ತಲೆ ತಗ್ಗಿಸುವ ಪ್ರಸಂಗ ಬಂದೇ ಬರುತ್ತದೆ. ಹೆಚ್ಚಾಗಿ ಆ ತಲೆ ನನ್ನದೇ ಇರುತ್ತದೆ.

ನಾನು ಬಾಗಲಕೋಟೆ ಕಡೆಯವಳು. ಕೇಂದ್ರ ಸರ್ಕಾರದ ಕಚೇರಿಯಲ್ಲಿ ಕೆಲಸ. ವರ್ಗಾವಣೆ ನನ್ನನ್ನು ಮೊದಲು ನಾಸಿಕ್‌ಗೆ ತಂದಿತು, ಆಮೇಲೆ ಛತ್ರಪತಿ ಸಂಭಾಜಿನಗರಕ್ಕೆ. ಜೊತೆಗೆ ಬಂದವರು ನಮ್ಮ ಯಜಮಾನರು, ಮಾವನವರು ಮತ್ತು ಯಾರೋ ಬಿಸಾಡಲು ಹೊರಟಿದ್ದ ಒಂದು ಮುದಿ ಕಂಪ್ಯೂಟರು. ನನ್ನ ವಾರಿಗೆಯವರು ಕಸೂತಿ ಹಾಕುತ್ತಾರೆ, ಭಜನೆಗೆ ಹೋಗುತ್ತಾರೆ. ನನಗೆ ಮಾತ್ರ ಟೆಕ್ಸ್ಟ್ ಎಡಿಟರ್ ಕಂಪೈಲ್ ಮಾಡುವ ಚಟ. ಎಡಿಟರ್ ಅಂದರೆ ಕಂಪ್ಯೂಟರಿನಲ್ಲಿ ಬರೆಯಲು, ತಿದ್ದಲು ಬೇಕಾದ ಸರಳ ತಂತ್ರಾಂಶ. ಈಗಿನ ತಯಾರು ತಂತ್ರಾಂಶಗಳ ಭಾರವನ್ನು ಮುದಿ ಯಂತ್ರ ಹೊರುವುದಿಲ್ಲ. ಹಾಗಾಗಿ ಎಡಿಟರಿನ ಸೋರ್ಸ್, ಅಂದರೆ ಮೂಲ ಬರಹವನ್ನು, ಇಳಿಸಿಕೊಂಡು ಆ ಯಂತ್ರದ ಮೇಲೆಯೇ ತಯಾರಿಸಿಕೊಳ್ಳಬೇಕು. ಅದೇ ಕಂಪೈಲ್. ಇದರಲ್ಲಿ ಮಾನ ಹೋಗುವಂಥದ್ದು ಏನಿದೆ ಅಂತ ನಾನೂ ಮೊದಲು ಅಂದುಕೊಂಡಿದ್ದೆ.

ಸಣ್ಣ ಹಿಟ್ಟು

ನಾಸಿಕ್‌ನಲ್ಲಿ ನಮ್ಮ ಬಾಡಿಗೆ ಮನೆ ದೇವಳಾಲಿಯ ಮಿಲಿಟರಿ ಕ್ಯಾಂಪಿನ ಹತ್ತಿರ, ಮಹಡಿಯ ಮೇಲೆ. ಒಂದು ಭಾನುವಾರ ನಾಷ್ಟಾ ಮುಗಿಸಿ ಕಂಪೈಲ್ ಶುರು ಮಾಡಿದೆ. ಸಂಜೆಯ ಚಹಾದ ಹೊತ್ತಿಗೆ ಮುಗಿದರೆ ಪುಣ್ಯ. ಯಂತ್ರ ಬಿಸಿಯಾದಂತೆ ಒಳಗಿನ ಫ್ಯಾನು ಮೇಜಿನ ಮೇಲಿನ ಲೋಟ ನಡುಗುವ ಹಾಗೆ ಗರಗರ ಅನ್ನತೊಡಗಿತು.

ಏನು ನಡೆದಿದೆ ಅಂತ ಮಾವನವರು ಕೇಳಿದರು. ಅವರು ಶಾಲಾ ಮಾಸ್ತರರಾಗಿ ನಿವೃತ್ತರಾದವರು, ಅರ್ಧಂಬರ್ಧ ಉತ್ತರಕ್ಕೆ ಸುಮ್ಮನಾಗುವವರಲ್ಲ. ಅಂಗಡಿಯ ಹಿಟ್ಟು ಈ ಯಂತ್ರಕ್ಕೆ ಒಗ್ಗುವುದಿಲ್ಲ, ಅದಕ್ಕೇ ಕಾಳು ತಂದು ಮನೆಯಲ್ಲೇ ಬೀಸುತ್ತಿದ್ದೇನೆ ಅಂದೆ. ಅವರಿಗೆ ಅರ್ಥವಾಯಿತು. ಎಂಥಾ ಹೋಲಿಕೆ ಕೊಟ್ಟೆ ಅಂತ ನನ್ನನ್ನು ನಾನೇ ಮೆಚ್ಚಿಕೊಂಡೆ.

ಸ್ವಲ್ಪ ಹೊತ್ತಿಗೆ ಕೆಳಗಿನ ಮನೆಯ ಫೌಜಿಯ ಹೆಂಡತಿ ಇದೇನು ಸದ್ದು ಅಂತ ವಿಚಾರಿಸಲು ಮೇಲೆ ಬಂದಳು. ಬಾಗಿಲಲ್ಲಿ ಸಿಕ್ಕವರು ಮಾವನವರು. ಅವರಿಗೆ ಗೊತ್ತಿದ್ದ ಹಿಂದಿಯಲ್ಲಿ ಹೋಲಿಕೆ ದಾಟಲಿಲ್ಲ, ಬರೀ ಬೀಸುವುದು ದಾಟಿತು. ಮನೆಯಲ್ಲೇ ಪುಟ್ಟ ಕರೆಂಟ್ ಗಿರಣಿ ಇಟ್ಟುಕೊಳ್ಳುವುದು ಆ ಕಡೆ ಹೊಸದೇನಲ್ಲ. ಆಕೆ ಕೆಳಗೆ ಹೋಗಿ ಗೋದಿಯ ಡಬ್ಬಿ ಹಿಡಿದುಕೊಂಡು ಬಂದಳು.

ನಿಜ ಹೇಳಬೇಕಿತ್ತು. ಆದರೆ ಆಕೆ ಸಂಕೋಚದಿಂದ ಮುದ್ದೆಯಾಗಿ, ಗಂಡ ಡ್ಯೂಟಿಯ ಮೇಲೆ ದೂರ ಹೋಗಿದ್ದಾನೆ, ಮಗುವನ್ನು ಎತ್ತಿಕೊಂಡು ಬಜಾರಿಗೆ ಹೋಗುವುದು ಕಷ್ಟ ಅಂತ ಹೇಳಿದಳು. ಡಬ್ಬಿ ಇಸಕೊಂಡೆ. ಯಜಮಾನರು ಅದನ್ನು ಟವೆಲಿನಲ್ಲಿ ಮುಚ್ಚಿಕೊಂಡು ಹಿಂದಿನ ಮೆಟ್ಟಿಲಿಳಿದು ಬಜಾರಿನ ಗಿರಣಿಗೆ ಹೋದರು.

ಮುಂದಿನ ಭಾನುವಾರ ಆಕೆ ಮತ್ತೆ ಬಂದಳು. ನಿಮ್ಮ ಮಷೀನು ಬಹಳ ಸಣ್ಣಗೆ ಬೀಸುತ್ತದೆ ಅಂತ ಹೊಗಳಿದಳು. ಅದಾದ ಮೇಲೆ ಪಕ್ಕದ ಮನೆಯ ಡಬ್ಬಿಯೂ ಬರತೊಡಗಿತು. ವರ್ಗಾವಣೆಯ ಆದೇಶ ಬಂದ ದಿನ ನಮ್ಮ ಮನೆಯಲ್ಲಿ ಪೇಡೆ ಹಂಚಿದವರು ಯಜಮಾನರೊಬ್ಬರೇ.

ಹಿಂದುಳಿದ ಗಡಿಯಾರ

ಸಂಭಾಜಿನಗರದ ಹೊಸ ಮನೆಯಲ್ಲಿ ಗಂಟುಮೂಟೆ ಬಿಚ್ಚಿದ ಮೇಲೆ ಎಡಿಟರಿನ ಹೊಸ ಆವೃತ್ತಿ ಇಳಿಸಿಕೊಂಡೆ. ಕಂಪೈಲ್ ಮೊದಲ ಹೆಜ್ಜೆಯಲ್ಲೇ ನಿಂತುಬಿಟ್ಟಿತು. ಮತ್ತೆ ಮತ್ತೆ ಮಾಡಿದರೂ ಅದೇ ಗತಿ. ತೆರೆಯ ಮೇಲೆ ಕಾರಣ ಬರೆದಿತ್ತು, ಆದರೆ ಸಿಟ್ಟು ಬಂದವಳು ಓದುತ್ತಾಳೆಯೇ? ಅದರ ಫೋಟೋ ತೆಗೆದು, ಆ ಎಡಿಟರ್ ಬರೆಯುವವರು ಸೇರುವ ಇಂಟರ್ನೆಟ್ಟಿನ ಕಟ್ಟೆಯಲ್ಲಿ ಒಂದು ಖಾರದ ಪತ್ರ ಹಾಕಿದೆ. ನಾನು ಈ ಕೆಲಸದಲ್ಲಿ ಪಳಗಿದವಳು, ತಪ್ಪು ನಿಮ್ಮದೇ, ಊರಿಗೆ ಹಂಚುವ ಮುಂಚೆ ಒಮ್ಮೆ ನೋಡಿಕೊಳ್ಳಬಾರದೇ ಅಂತ ಬರೆದೆ.

ಮರುದಿನ ಯಾವುದೋ ದೇಶದವನೊಬ್ಬ ಬಹಳ ಸೌಜನ್ಯದಿಂದ ಉತ್ತರ ಕೊಟ್ಟಿದ್ದ. ಫೋಟೋದ ಮೂಲೆಯಲ್ಲಿರುವ ತಾರೀಖು ನೋಡಿದೆ, ತಮ್ಮ ಊರಿನಲ್ಲಿ ಇನ್ನೂ ಹಿಂದಿನ ಶತಮಾನವೇ ನಡೆದಿದೆಯೇ ಅಂತ ಕೇಳಿದ್ದ.

ಸಾಮಾನಿನ ಲಾರಿಯಲ್ಲಿ ಬರುವಾಗ ಯಂತ್ರದೊಳಗಿನ ಸಣ್ಣ ಬ್ಯಾಟರಿ ಸತ್ತಿತ್ತು. ಗಡಿಯಾರ ಯಂತ್ರ ಹುಟ್ಟಿದ ವರ್ಷಕ್ಕೆ ಹೋಗಿ ಕೂತಿತ್ತು. ಅದರ ಲೆಕ್ಕದಲ್ಲಿ ನಾನು ಕೊಟ್ಟ ಕಡತಗಳು ಇನ್ನೂ ಹುಟ್ಟಿಯೇ ಇರಲಿಲ್ಲ. ಹುಟ್ಟದ ಕೂಸಿನ ತಲೆಗೂದಲು ತೆಗೆದು ಜಾವಳ ಮಾಡು ಅಂದರೆ ಯಾರು ಮಾಡುತ್ತಾರೆ? ಆ ಉತ್ತರದ ಕೆಳಗೆ ಹಲವು ದೇಶದವರು ನಗುವ ಮುಖ ಅಂಟಿಸಿ ಹೋಗಿದ್ದರು.

ಊಟದ ಹೊತ್ತಿನಲ್ಲಿ ನನ್ನ ಮುಖ ನೋಡಿ ಮಾವನವರು ವಿಷಯ ಹೊರಗೆಳೆದರು. ಎಲ್ಲ ಕೇಳಿ ಅಂದರು: "ಹಂಗಾರ ಆ ಮಷೀನಿನ ಲೆಕ್ಕದಾಗ ನಾ ಇನ್ನೂ ರಿಟೈರ್ ಆಗಿಲ್ಲ. ಅದನ್ನ ತಿದ್ದಬ್ಯಾಡವಾ. ನನ್ನ ಮೊಣಕಾಲಿಗೂ ಒಂದ್ಸಲ ತೋರಸು."

ಬಾಗಿಲು ಹಾಕಿದ ಅಕ್ಷರ

ಇಲ್ಲಿ ನಮ್ಮದೊಂದು ಸಣ್ಣ ಕನ್ನಡ ಸಂಘವಿದೆ. ಭಾನುವಾರ ಮಕ್ಕಳಿಗೆ ಅಕ್ಷರ ಕಲಿಸುತ್ತಾರೆ. ಮಕ್ಕಳಿಗೆ ಕನ್ನಡ ತಿಳಿಯುತ್ತದೆ, ಬಾಯಿ ತೆರೆದರೆ ಮರಾಠಿ ಬರುತ್ತದೆ. ಸಂಘದ ಕೋಣೆಯಲ್ಲೂ ಒಂದು ಮುದಿ ಕಂಪ್ಯೂಟರ್ ಧೂಳು ತಿನ್ನುತ್ತಿತ್ತು. ಅದನ್ನು ಭಂಗಾರದವನಿಗೆ, ಅಂದರೆ ಗುಜರಿಯವನಿಗೆ, ಹಾಕಿಬಿಡೋಣ ಅಂತ ಸಭೆ ನಿರ್ಧರಿಸುವುದರಲ್ಲಿತ್ತು. ನಾನು ಎದ್ದು ನಿಂತು, ಬೇಡಿ, ಅದರ ಮೇಲೆ ಮಕ್ಕಳು ಕನ್ನಡ ಬರೆಯುವ ಹಾಗೆ ಮಾಡಿಕೊಡುತ್ತೇನೆ ಅಂದೆ. ಸಂಘದ ಅಧ್ಯಕ್ಷರು ವಿಜಯಪುರ ಕಡೆಯ ಬ್ಯಾಂಕ್ ಅಧಿಕಾರಿ, ನಕ್ಕಿದ್ದನ್ನು ಯಾರೂ ಕಂಡಿಲ್ಲ. ಆಗಲಿ ಅನ್ನುವಂತೆ ತಲೆಯಾಡಿಸಿದರು.

ಕಂಪೈಲ್ ಸಲೀಸಾಗಿ ಆಯಿತು. ಮುಂದಿನ ತರಗತಿಗೆ ತಂದೆತಾಯಿಗಳೂ ಬಂದರು. ಆಂಟಿ ತೆರೆಯ ಮೇಲೆ ಏನು ಬರೆಯುತ್ತಾರೋ ಅದನ್ನೇ ಪಾಟಿಯ ಮೇಲೆ ಬರೆಯಿರಿ ಅಂತ ಮಕ್ಕಳಿಗೆ ಹೇಳಿ ಕೂರಿಸಿದ್ದರು. ನಾನು ಠೀವಿಯಿಂದ 'ಕನ್ನಡ ಕಲಿಯೋಣ' ಅಂತ ಒತ್ತಿದೆ. ತೆರೆಯ ಮೇಲೆ ಸಾಲಾಗಿ ಖಾಲಿ ಚೌಕಗಳು ಬಂದವು. ನಮ್ಮ ಮನೆಯ ಯಂತ್ರದಲ್ಲಿ ಕನ್ನಡದ ಫಾಂಟ್ ಇತ್ತು. ಇದರಲ್ಲಿ ಹಾಕುವುದನ್ನೇ ಮರೆತಿದ್ದೆ.

ನಾನು ಬೆವರುತ್ತ ಕೀಲಿ ಒತ್ತಿದಷ್ಟೂ ಚೌಕ ಹೆಚ್ಚಾದವು. ಮಕ್ಕಳು ಶಿಸ್ತಿನಿಂದ ಅವನ್ನೇ ಬರೆದರು. ಒಬ್ಬ ಹುಡುಗಿ ಪಾಟಿ ಎತ್ತಿ ತೋರಿಸಿ, "ಆಂಟಿ, ಕನ್ನಡ ಲಯ್ ಸೋಪೀ ಆಹೆ" ಅಂದಳು. ಕನ್ನಡ ಬಹಳ ಸುಲಭವಂತೆ.

ಅಧ್ಯಕ್ಷರು ಕನ್ನಡಕ ಏರಿಸಿ ತೆರೆಯನ್ನು ಎಡದಿಂದ ಬಲಕ್ಕೆ ಓದಿದರು. "ಬಾಯಾರ, ಎಲ್ಲಾ ಬಾಗಲಾ ಹಾಕ್ಯಾವಲ್ಲರಿ. ಒಳಗ ಯಾರರೆ ಅದಾರೇನು ನೋಡ್ರಿ."

ಮಾವನಿಗೆ ಗುಡಿಸು

ಫಾಂಟ್ ಹಾಕಿದೆ, ಬಾಗಿಲು ತೆರೆದವು. ಕಂಪ್ಯೂಟರ್ ಈಗಲೂ ಸಂಘದಲ್ಲೇ ಇದೆ, ಮಕ್ಕಳು ಅದರ ಮೇಲೆ ತಮ್ಮ ಹೆಸರು ಬರೆಯುತ್ತಾರೆ. ಅದನ್ನು ಭಂಗಾರಕ್ಕೆ ಹಾಕುವ ಮಾತನ್ನು ಈಗ ಯಾರೂ ಎತ್ತುವುದಿಲ್ಲ. ಆದರೆ ಅದಕ್ಕೆ ಕಾರಣ ನನ್ನ ಜಾಣತನವಲ್ಲ, ಮುಂದೆ ಅದರ ಮೇಲೆ ಆದ ಎಡವಟ್ಟು; ಸಂಘಕ್ಕೆ ಅಷ್ಟು ನಗು ತಂದದ್ದು ಬೇರೊಂದಿಲ್ಲ. ಹೇಳಲು ಈಗಲೂ ಕಿವಿ ಬಿಸಿಯಾಗುತ್ತದೆ.

ಅಧ್ಯಕ್ಷರು ಬ್ಯಾಂಕಿನಿಂದ ನಿವೃತ್ತರಾದಾಗ ಸಂಘದಿಂದ ಸನ್ಮಾನ ಇಟ್ಟುಕೊಂಡೆವು. ಕಾರ್ಯಕ್ರಮದ ಪತ್ರಿಕೆ ಬರೆಯುವುದು ನನ್ನ ಪಾಲಿಗೆ ಬಂತು. ಮಾವನವರ ಎಪ್ಪತ್ತರ ಸಮಾರಂಭಕ್ಕೆ ಬರೆದ ಪತ್ರಿಕೆಯೊಂದು ನನ್ನಲ್ಲಿತ್ತು. ಅದೂ ಬೇಸಿಗೆ, ಇದೂ ಬೇಸಿಗೆ. ಹೊಗಳಿಕೆಯೂ ಅದೇ, ಊಟವೂ ಅದೇ. ಎಲ್ಲೆಲ್ಲಿ 'ಮಾವ' ಇದೆಯೋ ಅಲ್ಲೆಲ್ಲ 'ಅಧ್ಯಕ್ಷ' ಮಾಡು ಅಂತ ಸಂಘದ ಕಂಪ್ಯೂಟರಿನಲ್ಲಿ ನನ್ನ ಎಡಿಟರಿಗೆ ಅಪ್ಪಣೆ ಕೊಟ್ಟೆ. ಕಣ್ಣು ಮಿಟುಕಿಸುವಷ್ಟರಲ್ಲಿ ಮಾಡಿತು. 'ಅಧ್ಯಕ್ಷನವರು' ಅನ್ನುವುದು ಕಿವಿಗೆ ಚುಚ್ಚಿತು, ಇನ್ನೊಂದು ಅಪ್ಪಣೆ ಕೊಟ್ಟು 'ಅಧ್ಯಕ್ಷರು' ಮಾಡಿದೆ. ವ್ಯಾಕರಣದಲ್ಲಿ ನಾನು ಬಿಗಿ. ಮೊದಲ ಪುಟ ಓದಿ ತೃಪ್ತಿಯಾಗಿ ಮುದ್ರಿಸಲು ಕೊಟ್ಟೆ. ಹಿಂದಿನ ಪುಟದಲ್ಲಿ ಇದ್ದದ್ದು ಬರೀ ಊಟ, ಅಲಂಕಾರ. ಅದನ್ನೇನು ಓದುವುದು?

ಸಮಾರಂಭದ ದಿನ ಸಭಾಂಗಣ ತುಂಬಿತ್ತು. ಪತ್ರಿಕೆಯನ್ನು ಓದಿ ಹೇಳುವುದು ಅಧ್ಯಕ್ಷರ ಪದ್ಧತಿ. ತಮ್ಮದೇ ಸನ್ಮಾನವಾದರೂ ಬಿಡಲಿಲ್ಲ. ಮೊದಲ ಪುಟ ಮುಗಿಸಿ, ಪುಟ ತಿರುಗಿಸಿ, ಅದೇ ಗಂಭೀರ ದನಿಯಲ್ಲಿ ಓದಿದರು. ಬಾಗಿಲಿಗೆ ಅಧ್ಯಕ್ಷಿನ ಎಲೆಯ ತೋರಣ. ಊಟಕ್ಕೆ ಅಧ್ಯಕ್ಷಿನಹಣ್ಣಿನ ಸೀಕರಣೆ. ಅಧ್ಯಕ್ಷಿನಕಾಯಿ ಚಿತ್ರಾನ್ನ. ಎಳೆ ಅಧ್ಯಕ್ಷಿನ ಉಪ್ಪಿನಕಾಯಿ.

ನನಗೆ ಆಗ ಹೊಳೆಯಿತು. ನಮಗೆ ಮಾವು ಬೇರೆ, ಮಾವ ಬೇರೆ. ಕಂಪ್ಯೂಟರಿಗೆ ಹಾಗಲ್ಲ. 'ಮಾವ'ನಿಗೆ ಒಂದು ಗುಡಿಸು ಹಚ್ಚಿದರೆ 'ಮಾವಿ', ಅಷ್ಟೇ. ಅದು ಮಾವನನ್ನು ತೆಗೆದು ಅಧ್ಯಕ್ಷರನ್ನು ಕೂರಿಸಿ, ಗುಡಿಸನ್ನು ಅವರ ತಲೆಗೇ ಇಟ್ಟಿತ್ತು.

ನಾನು ಮಾವನವರ ಬೆನ್ನ ಹಿಂದೆ ಮುಖ ಮುಚ್ಚಿಕೊಂಡೆ. ಅವರ ಬೆನ್ನು ನಗುವಿಗೆ ಕುಲುಕುತ್ತಿತ್ತು, ಅದರಿಂದ ಮರೆಯೂ ನೆಟ್ಟಗೆ ಸಿಗಲಿಲ್ಲ. ಅಧ್ಯಕ್ಷರು ಕನ್ನಡಕ ತೆಗೆದರು, ಒರೆಸಿದರು, ಮತ್ತೆ ಹಾಕಿಕೊಂಡು ಸಾಲು ಸಾಲಾಗಿ ನನ್ನನ್ನು ಹುಡುಕಿದರು. ಸಿಕ್ಕೆ.

"ಬಾಯಾರ," ಅಂದರು ಮೈಕಿನಲ್ಲಿ, "ಎಳೀ ಅಧ್ಯಕ್ಷ ಎಲ್ಲಿಂದ ತರೂದ್ರಿ? ಸಂಘದಾಗ ಇರೂದು ಒಂದ, ಅದೂ ಹಣ್ಣಾಗೇದ. ಸೀಕರಣಿಗೆ ಆದೀತು, ಉಪ್ಪಿನಕಾಯಿ ಆಸೆ ಬಿಡ್ರಿ."